ಅಜ್ಜನಿಗೆ ಬೇಕಿದ್ದ ಮಾತು

ಸೋಲೊ, ಮಂಗಳವಾರ

ಸುರಬಾಯದ ನನ್ನಕ್ಕನಿಗೆ,

ಗೆದ್ದೆ ಕಣೇ! ನಮ್ಮ ಬಂದರೂರಿನಲ್ಲಿ ಎಲ್ಲರೂ ‘ತಿನ್ನು’ವವರೇ. ಇಲ್ಲಿ ಗಂಡನ ಮನೆಯಲ್ಲಿ ಮಕ್ಕಳೂ ಕೋಳಿಗಳೂ ‘ತಿನ್ನುತ್ತವೆ’, ನಾವು ‘ಊಟ ಮಾಡುತ್ತೇವೆ’, ಹಿರಿಯರು ಮಾತ್ರ ‘ಆರೋಗಣೆ ಮಾಡುತ್ತಾರೆ’. ಬಂದ ಹೊಸತರಲ್ಲಿ ಮರ್ಯಾದೆ ತೋರಿಸಲು ಹೋಗಿ, "ನನ್ನ ಆರೋಗಣೆ ಆಯ್ತು ಅತ್ತೆ" ಅಂದುಬಿಟ್ಟಿದ್ದೆನಲ್ಲ, ಆವತ್ತಿನಿಂದ ಮನೆಯವರೆಲ್ಲರ ಬಾಯಲ್ಲಿ ನಾನು ಮಹಾರಾಣಿ.

ಜ್ವರ ಬಿಟ್ಟರೂ ಇವರ ಅಜ್ಜ ಮೂರು ದಿನದಿಂದ ತುತ್ತು ಮುಟ್ಟಿರಲಿಲ್ಲ. ಎಲ್ಲರೂ ಹಾಸಿಗೆಯ ಸುತ್ತ ತಲೆ ಬಗ್ಗಿಸಿ ಕೂತು, "ದಯವಿಟ್ಟು ಆರೋಗಣೆ ಮಾಡ್ಬೇಕು" ಅಂತ ಗೋಗರೆಯುವುದು, ಅವರು ಗೋಡೆ ಕಡೆ ತಿರುಗುವುದು. ನಿನ್ನೆ ನಾನು ಬೆಳಗಿನಿಂದ ಕುದಿಸಿದ ನಮ್ಮೂರ ಕಪ್ಪು ಮಾಂಸದ ಸಾರು ತಟ್ಟೆಯಲ್ಲೇ ಆರುತ್ತಿತ್ತು. ನನಗೆ ರೇಗಿತು.

"ಏ ಅಜ್ಜಾ, ಸುಮ್ನೆ ತಿನ್ನು!"

ಅತ್ತೆಯ ಕೈಯಿಂದ ಸೌಟು ಜಾರಿತು. ಅಜ್ಜ ಮೆಲ್ಲಗೆ ಈ ಕಡೆ ಹೊರಳಿದರು. "ನಮ್ಮವ್ವ ಸತ್ತ ಮೇಲೆ ನಂಗೆ ಯಾರೂ ತಿನ್ನು ಅಂದಿರ್ಲಿಲ್ಲ ಕಣವ್ವ. ಹಾಕು, ತಿಂತೀನಿ" ಅಂದರು. ಎರಡು ತಟ್ಟೆ ಖಾಲಿ!

ನನ್ನ ಕೆಮ್ಮು ವಾಸಿ. ಸಾರಿಗೆ ಹಾಕುವ ಕರಿ ಬೀಜ ಮುಗಿದಿದೆ, ಒಂದು ಪೊಟ್ಟಣ ಬೇಗ ಕಳಿಸು. ಕಾರ್ಡಿನಲ್ಲಿ ಜಾಗವಿಲ್ಲ, ನನಗೆ ಹೊತ್ತೂ ಇಲ್ಲ. ಅತ್ತೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ: "ಬಾರಮ್ಮ ಮಹಾರಾಣಿ, ಅಜ್ಜ ಕಾಯ್ತಿದಾರೆ. ಬಂದು ಒಂದ್ಸಲ ಗದರಿಸಿ ಹೋಗು."

ನಿನ್ನ ತಂಗಿ
ವೂರಿ