ಅಜ್ಜನ ಮಾತ್ರೆಯನ್ನು ಕಾಗೆಯೂ ತಿನ್ನಲಿಲ್ಲ

ಜಿಲ್ಲೆಯ ಆರೋಗ್ಯದ ಹೊಣೆ ಹೊತ್ತು ಕಾರವಾರದಲ್ಲಿ ಕುಳಿತಿರುವ ಮಾನ್ಯರೇ,

ನನ್ನ ಸ್ಕೂಟಿಯ ಸೀಟಿನ ಕೆಳಗೆ ಒಂದು ಚೀಲ ಮಾತ್ರೆಗಳಿವೆ. ತೀರಿಹೋದ ನನ್ನ ಅಜ್ಜನವು. ಅವನ್ನು ಎಲ್ಲಿ ಹಾಕಬೇಕೆಂದು ನಾನು ಕೇಳಿದ ಯಾರಿಗೂ ಗೊತ್ತಿಲ್ಲ. ತಮಗೆ ಗೊತ್ತಿರಬಹುದೆಂಬ ನಂಬಿಕೆಯಿಂದ ಕೇಳುತ್ತಿದ್ದೇನೆ. ಗೊತ್ತಿದ್ದೂ ಇಷ್ಟು ದಿನ ಹೇಳಲಿಲ್ಲವಾದರೆ ಅದು ಬೇರೆ ವಿಷಯ, ಅದಕ್ಕೆ ಇಷ್ಟು ಮರ್ಯಾದೆಯ ಪತ್ರ ಸಾಲುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಹೆಚ್ಚು ಓದಿದವಳಲ್ಲ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟೆ. ಬಡತನದಿಂದ ಬಿಟ್ಟೆ ಎಂದರೆ ತಮಗೆ ಕನಿಕರ ಹುಟ್ಟೀತು, ಆದರೆ ಅದು ಸುಳ್ಳು. ಒಂದೇ ಕಡೆ ಕೂರಲು ನನ್ನಿಂದ ಆಗುವುದಿಲ್ಲ, ಅಷ್ಟೆ. ಆಮೇಲೆ ಅಂಕೋಲೆಯಲ್ಲಿ ಬಟ್ಟೆ ಅಂಗಡಿಗೆ ಸೇರಿದೆ. ಈ ಸೀರೆ ಬಣ್ಣ ಬಿಡುತ್ತದೆಯೇ ಎಂದು ಕೇಳಿದವರಿಗೆ ಬಿಡುತ್ತದೆ ಎಂದು ಹೇಳಿದ್ದಕ್ಕೆ ಆ ಕೆಲಸ ಹೋಯಿತು. ಈಗ ಹಾರವಾಡದಿಂದ ಸ್ಕೂಟಿಯ ಮೇಲೆ ಮೀನು ಒಯ್ದು ಮಾರುತ್ತೇನೆ. ನಿನ್ನೆಯ ಮೀನಿಗೆ ನಿನ್ನೆಯದು ಎನ್ನುತ್ತೇನೆ. ವ್ಯಾಪಾರ ಸ್ವಲ್ಪ ಕಡಿಮೆ, ಜಗಳವೂ ಕಡಿಮೆ.

ಅಜ್ಜನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊನೆಗೆ ಎದೆಯ ತೊಂದರೆ. ಒಂದೊಂದಕ್ಕೂ ಬೇರೆ ಬೇರೆ ಮಾತ್ರೆ. ಅವನ್ನು ತರುವಾಗ ಎಂಥ ಶಿಸ್ತು, ಮಾನ್ಯರೇ. ಚೀಟಿ ಎಲ್ಲಿ, ಡಾಕ್ಟರರ ಸಹಿ ಎಲ್ಲಿ, ಇದು ಹಳೆಯ ಚೀಟಿ, ನಡೆಯುವುದಿಲ್ಲ, ಹೊಸದು ಬರೆಸಿಕೊಂಡು ಬಾ. ಮನೆಗೆ ಬರುವ ತನಕ ಮಾತ್ರೆಗೆ ಇರುವ ಕಾವಲು ಮದುಮಗಳಿಗೂ ಇರುವುದಿಲ್ಲ. ಹೊಸ್ತಿಲು ದಾಟಿದ ಮೇಲೆ ಅದು ಯಾರ ಬಾಯಿಗೆ ಹೋಯಿತು ಎಂದು ಕೇಳುವವರೇ ಇಲ್ಲ. ಕೊಡಲು ಇಷ್ಟೊಂದು ನಿಯಮ ಮಾಡಿದವರಿಗೆ, ಮಾತ್ರೆ ಮುಗಿಯುವ ಮೊದಲೇ ಮನುಷ್ಯ ಮುಗಿಯಬಹುದು ಎಂಬುದು ಒಮ್ಮೆಯೂ ಹೊಳೆಯಲಿಲ್ಲವೇ?

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಅಜ್ಜನ ಕಾರ್ಯದ ದಿನ ಸಮುದ್ರದ ಬದಿಯ ಮರಳಿನ ಮೇಲೆ ಬಾಳೆಲೆ ಹಾಸಿ, ಕಾಗೆಗೆಂದು ಅನ್ನ, ಹುರಿದ ಬಂಗಡೆ, ಒಂದು ಲೋಟ ಚಾ ಇಟ್ಟೆವು. ಕಾಗೆಗಳು ತೆಂಗಿನ ಮರದಲ್ಲಿ ಕುಳಿತು ನೋಡಿದವೇ ಹೊರತು ಇಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮಲ್ಲಿ ನಂಬಿಕೆ. ದೋಣಿ ಮಾರುವುದಿಲ್ಲ ಎಂದು ಮಾವ ಕೈಮುಗಿದ. ಅಣ್ಣತಮ್ಮಂದಿರು ಜಗಳ ಆಡುವುದಿಲ್ಲ ಎಂದು ಅಮ್ಮ ಹೇಳಿದಳು. ಕಾಗೆಗಳು ನಂಬಲಿಲ್ಲ. ಆಗ ಅಮ್ಮನ ತಂಗಿ ಬೇಬಿ ಚಿಕ್ಕಿಗೆ ಹೊಳೆಯಿತು.

“ಅಪ್ಪ ಗುಳಿಗೆ ತಕಳ್ದೆ ಊಟಕ್ಕೆ ಕೂತದ್ದು ಯಾವಾಗಾದ್ರೂ ಅದೆಯಾ? ಹೋಗೆ, ಸಕ್ರೆ ಗುಳಿಗೆ ತಕಂಡು ಬಾ.”

ತಂದು ಎಲೆಯ ತುದಿಗೆ ಇಟ್ಟೆವು. ಕಾಗೆ ಇಳಿದೇ ಬಿಟ್ಟಿತು. ಹೆಂಗಸರೆಲ್ಲ ಅತ್ತರು. ಎಲ್ಲರಿಗಿಂತ ಹತ್ತಿರ ನಿಂತಿದ್ದವಳು ನಾನು, ಸರಿಯಾಗಿ ನೋಡಿದ್ದೇನೆ. ಕಾಗೆ ಎತ್ತಿದ್ದು ಬಂಗಡೆಯನ್ನು. ಮಾತ್ರೆಯನ್ನು ಕೊಕ್ಕಿನಿಂದ ಒಮ್ಮೆ ತಳ್ಳಿ ಮರಳಿಗೆ ಬೀಳಿಸಿ ಹಾರಿಹೋಯಿತು.

“ಗುಳಿಗೆ ತಿನ್ಲಿಲ್ಲ ಚಿಕ್ಕಿ, ಅಲ್ಲೇ ಬಿದ್ದದೆ ನೋಡು,” ಎಂದೆ.

“ನಿನ್ನ ಬಾಯಿಗೆ ಒಂದು ಬೀಗ ತರ್ಬೇಕು ಮಾರಾಯ್ತಿ,” ಎಂದಳು ಚಿಕ್ಕಿ.

ಅಂದಿನಿಂದ ಅವು ಮಾತ್ರೆಗಳಾಗಿ ಉಳಿಯಲಿಲ್ಲ, ಪ್ರಸಾದವಾದವು. ಉಳಿದ ಮಾತ್ರೆ ಹಂಚುವುದು ನಮ್ಮ ಕೇರಿಯಲ್ಲಿ ಹೊಸತೇನಲ್ಲ. ಬಲೆಗೆ ಮೀನು ಹೆಚ್ಚು ಬಿದ್ದ ದಿನ ಪಕ್ಕದ ಮನೆಗೆ ನಾಲ್ಕು ಕೊಡುವ ಹಾಗೆ, ಜ್ವರ ಬಿಟ್ಟವರು ಜ್ವರ ಬಂದವರಿಗೆ ಮಾತ್ರೆ ಕೊಡುತ್ತಾರೆ. ಕೊಡುವವರ ಮನಸ್ಸು ಒಳ್ಳೆಯದೇ. ಈಗ ಅಜ್ಜನೇ ಬಂದು ತಿಂದ ಮಾತ್ರೆ ಎಂಬ ಹೆಸರು ಬೇರೆ ಸೇರಿತು.

ಪಕ್ಕದ ಮನೆಯ ಪುಂಡಲೀಕಣ್ಣ ಬೈತಖೋಲದ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊರುತ್ತಾನೆ. ಒಂದು ದಿನ ತಲೆ ತಿರುಗುತ್ತದೆ ಎಂದು ನಮ್ಮ ಜಗಲಿಯ ಮೇಲೆ ಕುಳಿತ. ಚಿಕ್ಕಿಗೆ ಪರೀಕ್ಷೆ ಗಿರೀಕ್ಷೆ ಬೇಕಾಗಲಿಲ್ಲ.

“ಇದು ಸಕ್ರೆ ಕಾಯ್ಲೆಯೇ ಸೈ. ಅಪ್ಪಂಗೂ ಹಿಂಗೇ ಸುರು ಆಗಿತ್ತು. ಬೆಳಿಗ್ಗೆ ಬರೀ ಹೊಟ್ಟೆಗೆ ಒಂದು ನುಂಗು.”

ಅವನಿಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲ. ಆದರೂ ಶಿಸ್ತಿನ ಮನುಷ್ಯ, ಮಾತ್ರೆ ನುಂಗಿ, ಪಥ್ಯಕ್ಕೆಂದು ಸಕ್ಕರೆ ಹಾಕದ ಚಾ ಕುಡಿದು, ತಿಂಡಿಯನ್ನೂ ಬಿಟ್ಟು ಕೆಲಸಕ್ಕೆ ಹೋದ. ದೋಣಿ ಕಟ್ಟುವ ಧಕ್ಕೆಯ ಮೇಲೆ ಪೆಟ್ಟಿಗೆಯ ಸಮೇತ ಬಿದ್ದ. ಮೈಯೆಲ್ಲ ಬೆವರು, ಮಾತು ತೊದಲು. ಬೆಳಿಗ್ಗೆಯೇ ಕುಡಿದಿದ್ದಾನೆ ಎಂದುಕೊಂಡು ಜೊತೆಯವರು ನೆರಳಿಗೆ ಎಳೆದು ಮಲಗಿಸಿ ಕೆಲಸಕ್ಕೆ ಹೋದರು. ಹರಾಜಿಗೆ ಬಂದಿದ್ದ ಗಂಗಿ ಎಂಬ ಮೀನು ಮಾರುವ ಹೆಂಗಸು ಅವನ ಬಾಯಿ ಮೂಸಿ, “ಇಂವ ಕುಡಿಲಿಲ್ಲ, ಸಾಯ್ತೆ ಇದ್ದ, ಎತ್ರೋ,” ಎಂದು ಕೂಗಿದ್ದರಿಂದ ಉಳಿದ. ಸಕ್ಕರೆ ಪೂರ್ತಿ ಇಳಿದುಹೋಗಿತ್ತು, ಇನ್ನಷ್ಟು ತಡವಾಗಿದ್ದರೆ ಎಚ್ಚರವೇ ಆಗುತ್ತಿರಲಿಲ್ಲ ಎಂದರು ಡಾಕ್ಟರರು.

ಗ್ಲೂಕೋಸ್ ಏರಿ ಕಣ್ಣು ಬಿಟ್ಟ ಪುಂಡಲೀಕಣ್ಣ ನನ್ನನ್ನು ಕಂಡು ಮೊದಲು ಹೇಳಿದ್ದು ಇಷ್ಟು: “ನಾ ಸತ್ರೆ ನನ್ನ ಎಲೆಗೆ ಗುಳಿಗೆ ಇಡಬೇಡ ಹೇಳು ನಿನ್ನ ಚಿಕ್ಕಿಗೆ. ಬಂಗಡೆ ಒಂದು ಸಾಕು.”

ಎಲ್ಲರೂ ನಕ್ಕೆವು. ಅವನ ಹೆಂಡತಿ ಮಾತ್ರ ನಗಲಿಲ್ಲ.

ಮಾತ್ರೆ ಎಲ್ಲಿಂದ ಬಂತೆಂದು ಹೇಳಿದಾಗ ಡಾಕ್ಟರರು ನನಗೆ ಬೈದರು. ಸತ್ತವರ ಮಾತ್ರೆ ಮನೆಯಲ್ಲಿ ಯಾಕೆ ಇಟ್ಟುಕೊಳ್ಳುತ್ತೀರಿ, ಬಿಸಾಡಬಾರದೇ ಎಂದರು. ಎಲ್ಲಿ ಬಿಸಾಡಲಿ ಎಂದೆ. ಎಲ್ಲಾದರೂ ಎಂದರು. ಮಾನ್ಯರೇ, ಈ ‘ಎಲ್ಲಾದರೂ’ ಎಂಬ ಜಾಗವನ್ನು ಹುಡುಕಿಕೊಂಡು ಆವತ್ತಿನಿಂದ ತಿರುಗುತ್ತಿದ್ದೇನೆ. ಮಾತ್ರೆ ಕೊಟ್ಟ ಮೆಡಿಕಲ್‌ಗೆ ಹೋದೆ. ಕತ್ತರಿಸಿದ ಶೀಟು ವಾಪಸ್ ಇಲ್ಲ ಎಂದರು. ಹಣ ಬೇಡ, ಸುಮ್ಮನೆ ಇಟ್ಟುಕೊಳ್ಳಿ ಎಂದೆ. ಹಣ ಬೇಡ ಎಂದವಳ ಮೇಲೆ ಅವರಿಗೆ ಇನ್ನೂ ಹೆಚ್ಚು ಅನುಮಾನ ಬಂತು. ಕಸದ ಗಾಡಿಯ ಕುಮಾರ ಚೀಲದೊಳಗೆ ಇಣುಕಿದ. “ಹಸಿ ಕಸ ಆ ಬದಿಗೆ, ಒಣ ಕಸ ಈ ಬದಿಗೆ. ಈ ಅರ್ಧ ಬಾಟ್ಲಿ ಕೆಮ್ಮಿನ ಔಷಧ ಯಾವ ಬದಿಗೆ ಹೇಳೆ?” ಎಂದು ನನ್ನನ್ನೇ ಕೇಳಿದ. ಆಮೇಲೆ ದನಿ ತಗ್ಗಿಸಿ, “ಕೊಟ್ರೆ ತಕಂಡು ಹೋಗ್ತೆ. ಆದ್ರೆ ತಾರೀಖು ಮುಗೀದೆ ಇದ್ದ ಗುಳಿಗೆ ಕಂಡ್ರೆ ಯಾರಾದ್ರೂ ಹೆಕ್ಕಿ ಮನೆಗೆ ಒಯ್ತಾರೆ,” ಎಂದ. ಆ ಮಾತಿಗೆ ಅವನ ಮೇಲೆ ಗೌರವ ಬಂತು. ಚೀಲ ವಾಪಸ್ ತಂದೆ.

ಉಳಿದವರೆಲ್ಲರದೂ ಒಂದೇ ಸಲಹೆ. ಸದಾಶಿವಗಡಕ್ಕೆ ಹೋಗುವಾಗ ಕಾಳಿ ಸೇತುವೆಯ ಮೇಲಿಂದ ಬಿಟ್ಟುಬಿಡು. ದೇವರ ಒಣಗಿದ ಹೂವು, ಒಡೆದ ಫೋಟೋ, ಹಳೆಯ ಚಾಪೆ ಎಲ್ಲವೂ ಅಲ್ಲಿಂದಲೇ ಹೋಗುತ್ತವೆ, ಇದೊಂದು ಹೆಚ್ಚಾಯಿತೇ? ಒಂದು ದಿನ ಹೋಗಿ ಗಾಡಿ ನಿಲ್ಲಿಸಿಯೂ ನಿಲ್ಲಿಸಿದೆ. ಕೆಳಗೆ ಒಬ್ಬ ದೋಣಿಯಲ್ಲಿ ನಿಂತು ಬಲೆ ಬೀಸುತ್ತಿದ್ದ. ಅವನು ಹಿಡಿದದ್ದನ್ನು ನನ್ನಂಥವಳೇ ತಲೆಯ ಮೇಲೋ ಗಾಡಿಯ ಮೇಲೋ ಹೊತ್ತು ಮಾರುತ್ತಾಳೆ. ಕೊಳ್ಳುವವರು ಮೀನು ಒಳ್ಳೆಯದೇ ಎಂದು ಕೇಳುತ್ತಾರೆ, ಮತ್ತು ನನಗೆ ಸುಳ್ಳು ಬರುವುದಿಲ್ಲ. ಗಾಡಿ ತಿರುಗಿಸಿದೆ.

ಚಿಕ್ಕಿ ಬುದ್ಧಿ ಕಲಿತಿರಬೇಕು ಎಂದುಕೊಂಡಿರಾ? “ಸಕ್ರೆ ಗುಳಿಗೆ ಒಂದೇ ಕೆಟ್ಟದ್ದು, ಉಳಿದದ್ದೆಲ್ಲ ಒಳ್ಳೇದೇ ಅದೆ,” ಎನ್ನುತ್ತಾಳೆ. ಎದುರು ಮನೆಯ ಸುಕ್ರಿ ಎದೆಯುರಿ ಎಂದು ಬಂದು ಅಜ್ಜನ ಎದೆಯ ಮಾತ್ರೆ ಕೇಳಿದ್ದಾಳೆ. ಎದೆಯುರಿಗೂ ಎದೆಯ ಮಾತ್ರೆಗೂ ಎಷ್ಟು ದೂರವೆಂದು ನನಗಿಂತ ತಮಗೆ ಚೆನ್ನಾಗಿ ಗೊತ್ತು. ಚೀಲ ನನ್ನ ಸೀಟಿನ ಕೆಳಗೆ ಬಂದದ್ದು ಹೀಗೆ. ಬೀಗದ ಕೈ ನನ್ನ ಕುತ್ತಿಗೆಯಲ್ಲಿದೆ. ಸ್ನಾನಕ್ಕೂ ತೆಗೆಯುವುದಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ಮಾತ್ರೆ ಕೊಡುವ ಸರ್ಕಾರಿ ಆಸ್ಪತ್ರೆಯ ಕಿಟಕಿಯ ಪಕ್ಕದಲ್ಲೇ, ಮಾತ್ರೆ ಹಾಕುವ ಒಂದು ಪೆಟ್ಟಿಗೆ ಇಡಿ. ದೇವಸ್ಥಾನದ ಹುಂಡಿಯಂತೆ ಇರಲಿ, ಹಾಕಲು ಬರಬೇಕು, ತೆಗೆಯಲು ಬರಬಾರದು. ತುಂಬಿದಾಗ ಸುಡುವುದೋ ಏನು ಮಾಡುವುದೋ, ನಿಮ್ಮ ಆಸ್ಪತ್ರೆಗಳ ಸೂಜಿಗಳಿಗೆ ಏನು ಮಾಡುತ್ತೀರೋ ಅದನ್ನೇ ಮಾಡಿ. ಅದರ ಮೇಲೆ ಚಿಕ್ಕಿಗೆ ಅರ್ಥವಾಗುವ ಕನ್ನಡದಲ್ಲಿ, ಪಕ್ಕದಲ್ಲಿ ಕೊಂಕಣಿಯಲ್ಲಿ, ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಪ್ರಸಾದವಲ್ಲ ಎಂದು ಬರೆಸಿ. ಪೆಟ್ಟಿಗೆ ಉದ್ಘಾಟನೆಗೆ ಟೇಪು ಕತ್ತರಿಸಬೇಕೆಂದಿದ್ದರೆ ನಾನೇ ತಂದುಕೊಡುತ್ತೇನೆ.

ಬರುವ ಸೋಮವಾರ ಮೀನು ಮಾರಿ ಮುಗಿಸಿ, ಕೈ ತೊಳೆದುಕೊಂಡು, ತಮ್ಮ ಕಚೇರಿಗೆ ಬರುತ್ತೇನೆ. ಚೀಲವನ್ನು ತಮ್ಮ ಮೇಜಿನ ಮೇಲೆ ಇಡುತ್ತೇನೆ. ತಾವೂ ಎಲ್ಲಾದರೂ ಎಂದರೆ, ಆ ಮಾತಿನ ಕೆಳಗೆ ಸಹಿ ಹಾಕಿ ಕೊಡಿ, ಹಿಂತಿರುಗುತ್ತೇನೆ. ದಾರಿಯಲ್ಲಿ ಚೀಲ ಹಿಡಿದುಕೊಳ್ಳಲು ಪುಂಡಲೀಕಣ್ಣ ಹಿಂದೆ ಕೂರುತ್ತಾನೆ. ಒಂದನ್ನೂ ನುಂಗುವುದಿಲ್ಲ ಎಂದು ಹೆಂಡತಿಯ ಮುಂದೆ ಮಾತು ಕೊಟ್ಟಿದ್ದಾನೆ.

ಇಂತಿ,
ಬೇಡದ ಮಾತ್ರೆಗಳ ಬೇಡದ ಕಾವಲುಗಾರ್ತಿ,
ಪ್ರಗತಿ, ಹಾರವಾಡ
(ಒಂಬತ್ತನೇ ತರಗತಿ, ಅರ್ಧಕ್ಕೆ)