ಮರಡಿಹಳ್ಳದ ಅಹವಾಲು ಸಭೆಗೆ ಬರುವವರಿಗೆ

ಗಣಿ ಮುಚ್ಚಿದ ನೂರಾ ನಲವತ್ತನೆಯ ವರ್ಷ, ಬೂದಿಗಾಳಿಯ ಎರಡನೆಯ ತಿಂಗಳು

ಮರಡಿಹಳ್ಳದ ಹಿರಿಯರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ಅಪರಿಚಿತ ಅನ್ನಿಸಬಹುದು, ಕ್ಷಮಿಸಿ. ನಿಮ್ಮ ಬೆಟ್ಟವಿದ್ದ ಕಡೆ ಈಗ ತಗ್ಗಿದೆ. ಅದಿರು ತೆಗೆದ ಮೇಲೆ ಉಳಿದ ಬಂಡೆಗಳೊಳಗಿಂದ ಇಂದಿಗೂ ಕೆಂಪು ನೀರು ಜಿನುಗುತ್ತದೆ. ಅದನ್ನು ನಾವು ತುಕ್ಕು ಎನ್ನುತ್ತೇವೆ. ನಮ್ಮ ಹಳ್ಳ ಎಂದರೆ ಅದೇ. ಅದರ ತಳ ಕಾಣುವುದಿಲ್ಲ, ಅದರಲ್ಲಿ ಮೀನಿಲ್ಲ, ಕಪ್ಪೆಯಿಲ್ಲ, ಒಗೆದ ಬಟ್ಟೆ ಬೇಗ ಪಿಸಿದುಹೋಗುತ್ತದೆ. ಕುಡಿಯುವ ನೀರು ದೂರದಿಂದ ಕೊಳವೆಯಲ್ಲಿ ಬಂದು ಕಪ್ಪು ಚೀಲಗಳಿಗೆ ಇಳಿಯುತ್ತದೆ. ಅದನ್ನು ಬಾಯಿಗೆ ಹಿಂಡಿಕೊಳ್ಳುತ್ತೇವೆ, ಕಣ್ಣಿಂದ ನೋಡುವುದಿಲ್ಲ.

ಹೋದ ವರ್ಷ ಮೇಲಿನ ದಿಣ್ಣೆಯಲ್ಲಿ ಹೊಸದೊಂದು ಒರತೆ ಒಡೆಯಿತು ಎಂದು ಕೇಳಿ ಊರೆಲ್ಲ ನೋಡಲು ಹೋದೆವು. ನನಗೆ ಕಂಡದ್ದು ಬಂಡೆಗಳ ನಡುವಿನ ಒಂದು ಗುಂಡಿ, ತಳದಲ್ಲಿ ಬಿಳಿಯ ಬೆಣಚುಕಲ್ಲುಗಳು. ನನ್ನ ಸಣ್ಣ ಮಗಳು ಸುರಗಿ, "ಅವ್ವಾ, ನೀರೆಲ್ಲೈತಿ? ಬರೇ ತಗ್ಗೈತಿ. ಆ ಬಿಳೇ ಕಲ್ಲು ತರ್ತೀನಿ ತಡಿ" ಎಂದಳು. "ಲಗೂ ಬಾ" ಎಂದೆ. ಆ ತಗ್ಗಿನ ತುಂಬ ನೀರಿತ್ತು. ಅಂಥ ತಿಳಿನೀರನ್ನು ನಾವಿಬ್ಬರೂ ಎಂದೂ ಕಂಡಿರಲಿಲ್ಲ. ನಮ್ಮಲ್ಲಿ ಯಾರಿಗೂ ಈಜು ಬರುವುದಿಲ್ಲ. ಹಗ್ಗ ತಂದು ಅವಳನ್ನು ಮೇಲೆತ್ತುವಷ್ಟರಲ್ಲಿ ಉಸಿರು ನಿಂತಿತ್ತು.

ಈಗ ಆ ಒರತೆಯ ಮೇಲೆ ಸದಾ ಒಣ ಎಲೆಗಳನ್ನು ತೇಲಿಬಿಡುತ್ತೇವೆ, ಅಲ್ಲಿ ನೀರಿದೆ ಎಂದು ಮಕ್ಕಳಿಗೆ ಗೊತ್ತಾಗಲಿ ಎಂದು. ಅದಕ್ಕೆ ಮನೆಮನೆಗೂ ಸರದಿ ಇದೆ. ನನ್ನ ಸರದಿಯ ದಿನ ನಾನು ತಳವನ್ನು ನೋಡುವುದಿಲ್ಲ.

ಗಣಿ ತೆರೆಯುವ ಮುನ್ನ ಹಳ್ಳದ ದಂಡೆಯಲ್ಲಿ ನಡೆದ ನಿಮ್ಮ ಅಹವಾಲು ಸಭೆಯ ಧ್ವನಿಮುದ್ರಣ ನಮ್ಮ ಶಾಲೆಯಲ್ಲಿ ಉಳಿದಿದೆ. ಮಾತುಗಳ ಹಿಂದೆ ಹಳ್ಳ ಹರಿಯುವ ಸದ್ದಿದೆ. ಮಕ್ಕಳು ಅದನ್ನು ಯಂತ್ರದ ದೋಷ ಎಂದುಕೊಳ್ಳುತ್ತಾರೆ. ದುರುಗವ್ವ ಎಂಬ ಹೆಂಗಸು ಅಧಿಕಾರಿಯ ಮುಂದೆ ಹಳ್ಳದ ನೀರಿನ ತಂಬಿಗೆ ಇಟ್ಟು, "ಇದನ್ನ ಈಗ ಕುಡೀರಿ ಸಾಹೇಬ್ರ. ಗಣಿ ಆದ ಮ್ಯಾಲೂ ನಾನ ತಂದು ಕೊಡ್ತೀನಿ, ಆವಾಗ ಒಲ್ಲೆ ಅನಬ್ಯಾಡ್ರಿ" ಎನ್ನುತ್ತಾಳೆ. ನೀವು ನಗುತ್ತೀರಿ. ಅಷ್ಟರಲ್ಲಿ ಕಂಪನಿಯ ಪೆಂಡಾಲಿನಿಂದ ಊಟದ ಕರೆ. "ನಡಿ ಮಾವ, ಉಂಡು ಬಂದು ಕೇಳೂಣು" ಎಂದು ಯಾರೋ ಅನ್ನುತ್ತಾರೆ. ಕುರ್ಚಿಗಳು ಸರಿಯುತ್ತವೆ. ದುರುಗವ್ವ ಇನ್ನೂ ಮಾತಾಡುತ್ತಿರುವಾಗಲೇ, ಬೇರೆ ಯಾರ ಆಕ್ಷೇಪವೂ ಇಲ್ಲ ಎಂದು ಅಧಿಕಾರಿ ಸಭೆ ಮುಗಿಸುತ್ತಾರೆ.

ನಿಮಗೆ ಆ ಸಭೆ ನಾಳೆ. ನಿಮ್ಮನ್ನು ದೂರಲು ಬರೆದಿಲ್ಲ. ಹಸಿವು ನಮಗೂ ಗೊತ್ತು. ಊಟಕ್ಕೆ ಕರೆದಾಗ ಏಳಬೇಡಿ, ಇಷ್ಟೇ ಬೇಡಿಕೆ. ದುರುಗವ್ವ ಕೂತ ಮೇಲೆ ಪಕ್ಕದವರು ಎದ್ದು ನಿಂತು ಮಾತಾಡಲಿ, ಅವರಾದ ಮೇಲೆ ಅವರ ಪಕ್ಕದವರು. ಅನ್ನ ಆರಿದರೆ ಆರಲಿ.