ನೋಡುವ ಅಕ್ಷರ

ಮಾರ್ಚ್ ೩, ಬೆಳಿಗ್ಗೆ

ಅಮ್ಮನಿಗೆ ಹಾಲು ಕುಡಿಸಿ, ಮಾತ್ರೆ ಪುಡಿ ಮಾಡಿ ಕೊಟ್ಟು, ಕೆಲಸಕ್ಕೆ ಕೂತೆ. ಚಾಕೊಲೇಟ್ ಡಬ್ಬಿಗೆ ಫಾಂಟು, ಅಂದರೆ ಹೊಸ ಅಕ್ಷರ ವಿನ್ಯಾಸ. "ಮಧ್ಯಯುಗದ ಗತ್ತು ಬೇಕು" ಅಂದಿದ್ದಾರೆ ಸ್ಟುಡಿಯೋ ಯಜಮಾನರು. ಹಳೆಯ ಕಾಲದ ಬರಹಗಾರರು ಚಪ್ಪಟೆ ಮೊನೆಯ ಲೇಖನಿಯಲ್ಲಿ ಬರೆದ ಹಾಗೆ ಒಂದು ಗೆರೆ ದಪ್ಪ, ಒಂದು ಕೂದಲೆಳೆ. ಅಕ್ಷರದ ಹೊಟ್ಟೆಯಲ್ಲಿ ಬಳ್ಳಿ, ತುದಿಯಲ್ಲಿ ಮುಳ್ಳು. ಆಕಾರ ಕಾಣುತ್ತದೆ. ತಿದ್ದುತ್ತೇನೆ. ಯಾವ ಅಕ್ಷರವೋ ಗೊತ್ತಾಗುವುದಿಲ್ಲ.

ನನಗೆ ಸಣ್ಣ ಸ್ಟ್ರೋಕ್ ಆಗಿ ಮೂರು ವಾರ. ಕೈಕಾಲು ನೆಟ್ಟಗಿವೆ. ಬರೆಯಲು ಬರುತ್ತದೆ, ಓದಲು ಮಾತ್ರ ಬರುವುದಿಲ್ಲ. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು. ಈಗ ಬರೆದ ಈ ಸಾಲೂ ನನಗೆ ಇರುವೆ ಸಾಲು. ಯಜಮಾನರಿಗೆ ಹೇಳಿದರೆ ಕೆಲಸ ಹೋಯಿತು. ಅಮ್ಮನಿಗೆ ಬರೀ ತಲೆಸುತ್ತು ಅಂದಿದ್ದೇನೆ. ಗಂಟಲ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಅವಳ ಮಾತೆಲ್ಲ ಸ್ಲೇಟಿನ ಮೇಲೆ. ಓದುವವಳು ನಾನೊಬ್ಬಳೇ... ಹೇಗೆ ಹೇಳಲಿ?

ಮಾರ್ಚ್ ೫

ಅಮ್ಮ ಸ್ಲೇಟು ತೋರಿಸಿದಳು. ಮುಖ ನೋಡಿ ಅಂದಾಜು ಮಾಡಿ ಕಿಟಕಿ ತೆರೆದೆ. ಅಲ್ಲ ಅಂತ ತಲೆಯಾಡಿಸಿದಳು. ಫ್ಯಾನ್ ಹಾಕಿದೆ. ನನ್ನನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ತಾನೇ ಎದ್ದು ಕಂಬಳಿ ತಂದು ಹೊದ್ದುಕೊಂಡಳು. ಚಳಿ ಅಂತ ಬರೆದಿದ್ದಳು! ಕಂಬಳಿ ಕೇಳಿದವಳಿಗೆ ಗಾಳಿ ಹಾಕಿದ ಮಹಾತಾಯಿ ನಾನು.

ಮಾರ್ಚ್ ೧೪

ಸ್ಯಾಂಪಲ್ ಹಾಳೆ ಕಳಿಸಿದ್ದೆ. ಏನಾದರೂ ಪದ ಜೋಡಿಸಬೇಕಿತ್ತು. ದಪ್ಪದ ಪಕ್ಕ ತೆಳ್ಳಗಿನದು, ಬಳ್ಳಿಯ ಪಕ್ಕ ಮುಳ್ಳು... ಅಂದ ನೋಡಿ ಜೋಡಿಸಿದೆ. ಸಿಕ್ಕಿಬಿದ್ದೆ ಅಂದುಕೊಂಡೇ ಯಜಮಾನರ ಫೋನ್ ಎತ್ತಿದೆ.

"ಏನಮ್ಮಾ ಇದು, ಅದ್ಭುತ! ಅಂದಹಾಗೆ ಏನು ಬರೆದಿದ್ದೀರಿ?"

"ನೀವೇ ಓದಿ ಸರ್."

"ಅಯ್ಯೋ, ಇದನ್ನ ಯಾರಮ್ಮಾ ಓದ್ತಾರೆ? ಇದು ನೋಡೋ ಅಕ್ಷರ. ಓದೋದಕ್ಕೆ ಕೆಳಗಡೆ ಸಣ್ಣದಾಗಿ ಹಾಕೋಣ ಬಿಡಿ."

ಜೋರಾಗಿ ನಕ್ಕೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಏಪ್ರಿಲ್ ೨

ಅಮ್ಮ ಈಗೀಗ ಏನೂ ಕೇಳುವುದಿಲ್ಲ. ನೀರು ಬೇಕಾದರೆ ಕೈಸನ್ನೆ. ಆದರೆ ಬರೆಯುವುದು ಜಾಸ್ತಿಯಾಗಿದೆ. ಸ್ಲೇಟಿನ ಎರಡೂ ಕಡೆ, ಸಣ್ಣ ಸಣ್ಣ ಅಕ್ಷರ. ತೋರಿಸುತ್ತಾಳೆ. "ಹೂಂನಮ್ಮ" ಅನ್ನುತ್ತೇನೆ. ಒರೆಸಿ ಮತ್ತೆ ಬರೆಯುತ್ತಾಳೆ. ಹಳೇ ನೆನಪುಗಳಿರಬೇಕು. ಮುಖ ಶಾಂತವಾಗಿದೆ. ನಾನು ಪಾರಾದೆ.

ಮೇ ೧೯, ಮಧ್ಯಾಹ್ನ

ಡಬ್ಬಿ ಅಚ್ಚಾಯಿತು. ಈಗ ಸಿನಿಮಾ ಪೋಸ್ಟರಿಗೆ ಇದೇ ಅಕ್ಷರ ಇನ್ನೂ ಒರಟಾಗಿ ಬೇಕಂತೆ. ಅಚ್ಚಾದ ಹಾಳೆಯ ಮೇಲೆ ಒಣ ಪೆನ್ನಿಟ್ಟು ಒಂದು ಅಕ್ಷರದ ಮೇಲೇ ಹೋದೆ. ಸುತ್ತಿದೆ, ಇಳಿದೆ, ಮೇಲಕ್ಕೆಳೆದೆ. ಮ! ಕಣ್ಣು ಬಳ್ಳಿ ಅನ್ನುತ್ತಿದೆ, ಕೈ ಮ ಅನ್ನುತ್ತಿದೆ. ಪಕ್ಕದ್ದನ್ನು ಬೆರಳಲ್ಲಿ ತೀಡಿದೆ. ರ! ಕೈಗೆ ಓದಲು ಬರುತ್ತದೆ!

ಸ್ಲೇಟನ್ನು ಬೆರಳಲ್ಲಿ ಓದಲು ಅಮ್ಮನ ಕೋಣೆಗೆ ಓಡಿದೆ. ಸ್ಲೇಟು ಒರೆಸಿಟ್ಟಿತ್ತು. ಅಮ್ಮ ಗೋಡೆಯ ಕಡೆ ತಿರುಗಿ, ಮಂಡಿ ಎದೆಗೆ ಒತ್ತಿಕೊಂಡು, ಹಲ್ಲು ಕಚ್ಚಿ ಮಲಗಿದ್ದಳು.

ಮೇ ೨೦, ಆಸ್ಪತ್ರೆ

ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿದೆ. ಡಾಕ್ಟರು ಕೇಳಿದರು: "ಇದು ತಿಂಗಳುಗಟ್ಟಲೆ ನೋವು. ನಿಮಗೆ ಹೇಳಲೇ ಇಲ್ವಾ?"

ಹೇಳಿದ್ದಳು. ಸ್ಲೇಟಿನ ಎರಡೂ ಕಡೆ ಹೇಳಿದ್ದಳು. ನಾನು ಹೂಂ ಅಂದಿದ್ದೆ.

ಮೇ ೨೩

"ಅಮ್ಮಾ, ನಂಗೆ ಓದಕ್ಕಾಗಲ್ಲಮ್ಮ. ಫೆಬ್ರವರಿಯಿಂದ. ಇದರ ಮೇಲೆ ಬರಿ, ಗೊತ್ತಾಗುತ್ತೆ" ಅಂತ ಅಂಗೈ ಚಾಚಿದೆ. ಬೆರಳಿಟ್ಟಳು. ಒಂದೊಂದೇ ಅಕ್ಷರ.

ಗೊತ್ತು. ಫ್ಯಾನ್ ಹಾಕಿದ ದಿನವೇ ಗೊತ್ತಾಯ್ತು, ದಡ್ಡಿ.

"ಮತ್ತೆ ಯಾಕಮ್ಮ ಬರೀತಿದ್ದೆ?"

ನೋವು ಬರೀತಿದ್ದೆ. ನೀನು ಓದಲ್ಲ ಅಂತಲೇ. ಓದಿದ್ರೆ ನೀನು ಉಳೀತಿರಲಿಲ್ಲ.

"ಹಾಗಾದ್ರೆ ನಂಗ್ಯಾಕೆ ತೋರಿಸಿದೆ?"

ಯಾರಾದ್ರೂ ಹೂಂ ಅನ್ನಬೇಕಲ್ಲೇ.

ಇಷ್ಟಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಇಬ್ಬರೂ ಅತ್ತೆವು. ಅವಳ ಅಳುವಿಗೆ ಸದ್ದಿಲ್ಲ. ನರ್ಸ್ ಬಂದು ನನಗೆ ಮಾತ್ರ ಬೈದರು.

ಜೂನ್ ೧೧

ಯಜಮಾನರು ಆಸ್ಪತ್ರೆಗೇ ಡಬ್ಬಿ ಕಳಿಸಿದ್ದಾರೆ. ನಮ್ಮ ಅಕ್ಷರ ಈಗ ಸಲೂನ್ ಬೋರ್ಡಿಗೆ, ಮದುವೆ ಕಾರ್ಡಿಗೆ, ಯಾರದೋ ಹುಡುಗನ ತೋಳಿನ ಹಚ್ಚೆಗೆ ಕೂಡ ಹೋಗಿದೆಯಂತೆ. ಹಚ್ಚೆಯವನೂ ಓದಿರಲಿಕ್ಕಿಲ್ಲ, ಪಾಪ. ಅಮ್ಮ ಡಬ್ಬಿಯ ಉಬ್ಬಿದ ಬಳ್ಳಿಯನ್ನು ಬಹಳ ಹೊತ್ತು ಸವರಿದಳು. ಆಮೇಲೆ ನನ್ನ ಅಂಗೈ ಮೇಲೆ ಬರೆದಳು: ಚೆಂದ ಇದೆ. ಓದಕ್ಕಾಗಲ್ಲ.

ಸಂಜೆಯಿಂದ ಅಮ್ಮ ಕಣ್ಣು ಬಿಟ್ಟಿಲ್ಲ. ಅವಳಿಲ್ಲದ ಮನೆಗೆ ಹೋಗಲು ಹೆದರಿಕೆ.

ಜೂನ್ ೧೨, ಬೆಳಿಗ್ಗೆ

ಕಣ್ಣು ಬಿಟ್ಟಳು. ತಾನೇ ನನ್ನ ಎಡಗೈ ಎಳೆದುಕೊಂಡಳು. ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ, ಒಂದಕ್ಷರವೂ ತಪ್ಪಿಹೋಗದಿರಲಿ ಅಂತ. ಒಂದು ಗೆರೆ ಎಳೆದಳು. ಸುತ್ತು ಹಾಕಿ ಮೇಲಕ್ಕೆ... ಅಲ್ಲಿ ನಿಲ್ಲಿಸಿದ್ದಾಳೆ. ಬೆರಳು ಅಂಗೈ ಮೇಲೆಯೇ ಇದೆ. ಸುಸ್ತಾಗಿರಬೇಕು. ನರ್ಸ್ ಬಂದು ಅವಳ ಕುತ್ತಿಗೆ ಮುಟ್ಟಿ ನೋಡಿದರು. ನನ್ನ ಕೈ ತೆಗೆಯಲು ಹೇಳುತ್ತಿದ್ದಾರೆ. ಇರಿ ಸಿಸ್ಟರ್, ಅಕ್ಷರ ಪೂರ್ತಿ ಆಗಿಲ್ಲ, ಇನ್ನೊಂದು ಗೆರೆ